ಕಬ್ಬಿಣಾಂಶದ ಮಾತ್ರೆಯಿಂದ ಜಠರಕ್ಕೆ ಆಗುವ ಗಾಯ: ತಡೆಯುವ, ಗುರುತಿಸುವ ಮತ್ತು ಚಿಕಿತ್ಸೆ ಕೈಬಿಡದೆ ಮುಂದುವರಿಸುವ ಕ್ರಮ

ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆಗೆ ಬಾಯಿಯ ಮೂಲಕ ಸೇವಿಸುವ ಮಾತ್ರೆಯಷ್ಟು ಸರಳವಾದ ಚಿಕಿತ್ಸೆ ಇನ್ನೊಂದಿಲ್ಲ. ಆದರೂ ಅದನ್ನು ಆರಂಭಿಸಿದ ಅನೇಕರು ಯಾರಿಗೂ ಹೇಳದೆ ನಡುವೆಯೇ ನಿಲ್ಲಿಸಿಬಿಡುತ್ತಾರೆ. ಹೊಟ್ಟೆಯುರಿ, ವಾಕರಿಕೆ, ಬಾಯಲ್ಲಿ ಲೋಹದ ರುಚಿ, ಮಲಬದ್ಧತೆ ಅಥವಾ ಭೇದಿ ಇದಕ್ಕೆ ಅವರು ಕೊಡುವ ಕಾರಣಗಳು. ಇವುಗಳಲ್ಲಿ ಹೆಚ್ಚಿನವು ಔಷಧದ ಪ್ರಮಾಣವನ್ನೋ ಸೇವಿಸುವ ಹೊತ್ತನ್ನೋ ಬದಲಿಸಿದರೆ ತಗ್ಗುವ ಕಿರಿಕಿರಿಗಳು. ಕೆಲವರಲ್ಲಿ ಮಾತ್ರ ತೊಂದರೆ ಅಷ್ಟಕ್ಕೇ ನಿಲ್ಲದೆ, ಜಠರದ ಒಳಪದರವೇ ಸುಟ್ಟು ಸವೆತ, ಹುಣ್ಣು, ಒಮ್ಮೊಮ್ಮೆ ರಕ್ತಸ್ರಾವವೂ ಉಂಟಾಗುತ್ತದೆ. ಕಿರಿಕಿರಿಯನ್ನು ಗಾಯವೆಂದು ಭಾವಿಸಿ ಅಗತ್ಯವಾದ ಔಷಧವನ್ನು ಬಿಡುವುದು ಎಷ್ಟು ತಪ್ಪೋ, ಗಾಯವನ್ನು ಕಿರಿಕಿರಿಯೆಂದು ಭಾವಿಸಿ ತಿಂಗಳುಗಟ್ಟಲೆ ಸಹಿಸಿಕೊಳ್ಳುವುದೂ ಅಷ್ಟೇ ತಪ್ಪು.

ಗಾಯ ಆಗುವುದು ಹೇಗೆ

ಮಾತ್ರೆಗಳಲ್ಲಿ ಕಬ್ಬಿಣ ಹೆಚ್ಚಾಗಿ ಫೆರಸ್ ಸಲ್ಫೇಟ್, ಫೆರಸ್ ಫ್ಯೂಮರೇಟ್ ಅಥವಾ ಫೆರಸ್ ಗ್ಲುಕೊನೇಟ್ ಎಂಬ ಲವಣಗಳ ರೂಪದಲ್ಲಿ ಇರುತ್ತದೆ. ಸಾಕಷ್ಟು ನೀರಿನಲ್ಲಿ ಕರಗಿ ಹರಡಿಕೊಂಡಾಗ ಈ ಲವಣ ಜಠರದ ಯಾವ ಒಂದು ಜಾಗಕ್ಕೂ ಅತಿಯಾಗಿ ತಾಗುವುದಿಲ್ಲ. ಆದರೆ ಮಾತ್ರೆ ಅನ್ನನಾಳದ ಗೋಡೆಗೆ ಅಂಟಿಕೊಂಡರೆ, ಅಥವಾ ಜಠರದ ಒಂದು ಮಡಿಕೆಯಲ್ಲಿ ಸಿಕ್ಕಿಕೊಂಡು ಅಲ್ಲಿಯೇ ಕರಗತೊಡಗಿದರೆ, ಅದರಲ್ಲಿರುವ ಕಬ್ಬಿಣವೆಲ್ಲ ಕೆಲವೇ ಮಿಲಿಮೀಟರ್ ಅಗಲದ ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಫೆರಸ್ ಕಬ್ಬಿಣವು ಫೆರಿಕ್ ಎಂಬ ಇನ್ನೊಂದು ರಾಸಾಯನಿಕ ರೂಪಕ್ಕೆ ತಿರುಗುವಾಗ ಉಂಟಾಗುವ, ಬೇರೆ ಅಣುಗಳೊಡನೆ ಥಟ್ಟನೆ ವರ್ತಿಸುವ ಮುಕ್ತ ರಾಡಿಕಲ್‌ಗಳು ಜೀವಕೋಶಗಳ ಪೊರೆಯನ್ನು ಹಾಳುಮಾಡುತ್ತವೆ. ಮೇಲ್ಪದರದ ಕೋಶಗಳು ಸಾಯುತ್ತವೆ, ಅದರ ಕೆಳಗಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಮತ್ತು ಆ ಭಾಗ ಸವೆದು ಹುಣ್ಣಾಗುತ್ತದೆ.

ಆದ್ದರಿಂದ ಇದು ಮೂಲತಃ ತಾಗುವಿಕೆಯಿಂದ ಆಗುವ ಸುಟ್ಟ ಗಾಯ. ಈ ಒಂದು ಸಂಗತಿ ಮನಸ್ಸಿನಲ್ಲಿ ಇದ್ದರೆ ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ತಾನಾಗಿಯೇ ತಿಳಿಯುತ್ತದೆ. ಮಾತ್ರೆ ಎಲ್ಲಿಯೂ ನಿಲ್ಲಬಾರದು, ನಿಂತರೂ ಒಣ ಜಾಗದಲ್ಲಿ ನಿಲ್ಲಬಾರದು, ಮತ್ತು ಒಮ್ಮೆಗೆ ಬೇಕಾದುದಕ್ಕಿಂತ ಹೆಚ್ಚು ಕಬ್ಬಿಣ ಒಳಗೆ ಹೋಗಬಾರದು.

ಯಾರು ಹೆಚ್ಚು ಎಚ್ಚರ ವಹಿಸಬೇಕು

ಆರೋಗ್ಯವಂತ ಯುವಜನರಲ್ಲಿ ನುಂಗಿದ ಮಾತ್ರೆ ಕ್ಷಣಗಳಲ್ಲಿ ಅನ್ನನಾಳವನ್ನು ದಾಟಿ ಜಠರಕ್ಕೆ ಸೇರುತ್ತದೆ. ವಯಸ್ಸಾದವರಲ್ಲಿ, ಹಾಸಿಗೆ ಹಿಡಿದವರಲ್ಲಿ, ಪಾರ್ಶ್ವವಾಯು ಅಥವಾ ಪಾರ್ಕಿನ್ಸನ್ ಕಾಯಿಲೆಯಿಂದ ನುಂಗುವುದು ಕಷ್ಟವಾದವರಲ್ಲಿ, ಅನ್ನನಾಳ ಕಿರಿದಾದವರಲ್ಲಿ ಹಾಗೂ ಬಹುಕಾಲದ ಮಧುಮೇಹದಿಂದ ಜಠರದ ಚಲನೆ ನಿಧಾನವಾದವರಲ್ಲಿ ಅದು ದಾರಿಯಲ್ಲಿ ತಂಗುವ ಸಾಧ್ಯತೆ ಹೆಚ್ಚು. ಜಠರದ ಮೇಲ್ಭಾಗ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುಪದರವಾದ ವಪೆಯ ಮೂಲಕ ಎದೆಯ ಕಡೆಗೆ ಜಾರಿರುವ ಹಯಾಟಸ್ ಹರ್ನಿಯಾ ಎಂಬ ಸ್ಥಿತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ದೊಡ್ಡ ಹರ್ನಿಯಾ ಇದ್ದವರಲ್ಲಿ ಆ ಭಾಗದ ಸವೆತದಿಂದ ಸ್ವಲ್ಪಸ್ವಲ್ಪವೇ ರಕ್ತ ಸೋರಿ ರಕ್ತಹೀನತೆ ಬರುತ್ತದೆ, ಅದಕ್ಕೆಂದು ಕೊಟ್ಟ ಮಾತ್ರೆ ಅದೇ ಹರ್ನಿಯಾದ ಚೀಲದಲ್ಲಿ ಸಿಕ್ಕಿಕೊಂಡು ಇನ್ನೊಂದು ಗಾಯ ಮಾಡಬಹುದು.

ನುಂಗಲು ಕಷ್ಟಪಡುವವರಲ್ಲಿ ಇದಕ್ಕಿಂತ ಗಂಭೀರವಾದ ಇನ್ನೊಂದು ಅಪಾಯವಿದೆ. ಮಾತ್ರೆ ಅನ್ನನಾಳದ ಬದಲು ಶ್ವಾಸನಾಳಕ್ಕೆ ಜಾರಿದರೆ ಶ್ವಾಸಕೋಶದ ಕೊಳವೆಗಳ ಒಳಪದರವನ್ನೂ ಅದು ಇದೇ ರೀತಿ ಸುಡುತ್ತದೆ, ಆ ಗಾಯ ಮಾಗಿದ ಮೇಲೂ ಕೊಳವೆ ಕಿರಿದಾಗಿ ಉಳಿಯಬಹುದು. ನೀರು ಕುಡಿಯುವಾಗಲೂ ಕೆಮ್ಮು ಬರುವಂಥವರಿಗೆ ಕಬ್ಬಿಣದ ಗಟ್ಟಿ ಮಾತ್ರೆ ಕೊಡಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವರಿಗೆ ಯಾವ ರೂಪದ ಔಷಧ ಸುರಕ್ಷಿತ ಎಂಬುದನ್ನು ವೈದ್ಯರೊಡನೆ ಮೊದಲೇ ಮಾತನಾಡಿ ನಿರ್ಧರಿಸಬೇಕು.

ಮಾತ್ರೆ ನುಂಗುವ ಕ್ರಮ

ಕುಳಿತು ಅಥವಾ ನಿಂತು, ಮೊದಲು ಒಂದೆರಡು ಗುಟುಕು ನೀರು ಕುಡಿದು ಗಂಟಲನ್ನು ತೇವ ಮಾಡಿಕೊಳ್ಳಬೇಕು. ನಂತರ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ಒಂದು ದೊಡ್ಡ ಲೋಟ, ಅಂದರೆ ಸುಮಾರು 200ರಿಂದ 250 ಮಿಲಿಲೀಟರ್ ನೀರನ್ನು ಪೂರ್ತಿಯಾಗಿ ಕುಡಿಯಬೇಕು. ಮಾತ್ರೆ ಗಂಟಲಿನಿಂದ ಇಳಿದಂತೆ ಅನಿಸಿದ ಕೂಡಲೇ ಲೋಟವನ್ನು ಕೆಳಗಿಡುವುದು ಬಹುಮಂದಿಯ ಅಭ್ಯಾಸ. ಆದರೆ ಉಳಿದ ನೀರಿಗೆ ಎರಡು ಕೆಲಸಗಳಿವೆ: ಅನ್ನನಾಳದಲ್ಲಿ ತಂಗಿರಬಹುದಾದ ಮಾತ್ರೆಯನ್ನು ಕೆಳಕ್ಕೆ ತಳ್ಳುವುದು, ಜಠರದಲ್ಲಿ ಕರಗಿದ ಕಬ್ಬಿಣವನ್ನು ತೆಳುವಾಗಿಸುವುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿನ ಮಿತಿ ಇರುವವರು ದಿನದ ಪಾಲಿನಲ್ಲಿಯೇ ಈ ಲೋಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ವೈದ್ಯರ ಸಲಹೆ ಪಡೆಯಬೇಕು.

ಸೇವಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಮಲಗಬಾರದು. ಮಲಗುವ ಹೊತ್ತಿನಲ್ಲಿ, ದೀಪ ಆರಿಸುವ ಮುಂಚೆ, ಒಂದು ಗುಟುಕು ನೀರಿನೊಡನೆ ನುಂಗುವುದು ಅತ್ಯಂತ ಕೆಟ್ಟ ಕ್ರಮ. ನಿದ್ದೆಯಲ್ಲಿ ನುಂಗುವಿಕೆಯೂ ಜೊಲ್ಲಿನ ಸ್ರವಿಕೆಯೂ ಕಡಿಮೆಯಾಗುವುದರಿಂದ ಸಿಕ್ಕಿಕೊಂಡ ಮಾತ್ರೆ ಗಂಟೆಗಟ್ಟಲೆ ಅಲ್ಲೇ ಉಳಿಯುತ್ತದೆ. ಹಲವು ಮಾತ್ರೆಗಳನ್ನು ಒಂದೇ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುವುದನ್ನೂ ಬಿಡಬೇಕು.

ಅಗಿಯಬೇಕಾದ ಮಾತ್ರೆ ಎಂದು ಸ್ಪಷ್ಟವಾಗಿ ಬರೆದಿರದಿದ್ದರೆ ಅದನ್ನು ಅಗಿಯುವುದಾಗಲಿ ಪುಡಿ ಮಾಡುವುದಾಗಲಿ ಸಲ್ಲದು. ಹೊರಲೇಪ ಹೋದ ಕಬ್ಬಿಣದ ಪುಡಿ ಬಾಯಿಯ ಒಳಚರ್ಮಕ್ಕೂ ಗಂಟಲಿಗೂ ಅಂಟಿ ಅಲ್ಲಿಯೂ ಹುಣ್ಣು ಮಾಡಬಲ್ಲದು. ನುಂಗಲಾಗದವರಿಗೆ ಪುಡಿ ಮಾಡಿ ಕೊಡುವುದಕ್ಕಿಂತ ದ್ರವರೂಪದ ಔಷಧವನ್ನೇ ಬರೆಸಿಕೊಳ್ಳುವುದು ಸರಿ.

ಖಾಲಿ ಹೊಟ್ಟೆಯೋ, ಊಟದ ಜೊತೆಗೋ

ಕಬ್ಬಿಣ ಚೆನ್ನಾಗಿ ಹೀರಲ್ಪಡುವುದು ಖಾಲಿ ಹೊಟ್ಟೆಯಲ್ಲಿ, ಎಂದರೆ ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಆದರೆ ವಾಕರಿಕೆಯೂ ನೋವೂ ಹೆಚ್ಚಾಗುವುದು ಕೂಡ ಆಗಲೇ. ಮೊದಲು ಖಾಲಿ ಹೊಟ್ಟೆಯಲ್ಲಿ ಪ್ರಯತ್ನಿಸಿ, ತಾಳಲಾಗದಿದ್ದರೆ ಸ್ವಲ್ಪ ಆಹಾರದೊಂದಿಗೆ ತೆಗೆದುಕೊಳ್ಳಬಹುದು. ಹೀರಿಕೆ ತಗ್ಗುತ್ತದೆ ನಿಜ, ಆದರೆ ಕಡಿಮೆ ಹೀರಲ್ಪಟ್ಟರೂ ನಿಯಮಿತವಾಗಿ ಒಳಗೆ ಹೋಗುವ ಮಾತ್ರೆಯು ಡಬ್ಬಿಯಲ್ಲಿಯೇ ಉಳಿದ ಮಾತ್ರೆಗಿಂತ ಮೇಲು. ಆ ಆಹಾರದ ಜೊತೆಗೆ ಚಹಾ, ಕಾಫಿ, ಹಾಲು ಇರಬಾರದು, ಏಕೆಂದರೆ ಇವು ಹೀರಿಕೆಯನ್ನು ಬಹಳವಾಗಿ ಕುಗ್ಗಿಸುತ್ತವೆ.

ವಿಟಮಿನ್ ಸಿ ಮಾತ್ರೆಯನ್ನು ಜೊತೆಯಲ್ಲಿ ಸೇವಿಸುವ ರೂಢಿ ವ್ಯಾಪಕವಾಗಿದೆ. ಅದು ಕಬ್ಬಿಣವನ್ನು ಫೆರಸ್ ರೂಪದಲ್ಲಿ ಉಳಿಸಿ ಹೀರಿಕೆಗೆ ನೆರವಾಗುವುದು ಹೌದು. ಆದರೆ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಬ್ಬಿಣದ ಮಾತ್ರೆಯನ್ನು ಮಾತ್ರ ಸೇವಿಸಿದವರಿಗೂ ವಿಟಮಿನ್ ಸಿ ಸೇರಿಸಿ ಸೇವಿಸಿದವರಿಗೂ ಹಿಮೋಗ್ಲೋಬಿನ್ ಏರಿಕೆ ಸಮನಾಗಿಯೇ ಕಂಡುಬಂದಿತು. ಹೊಟ್ಟೆಯಲ್ಲಿ ಉರಿ ಇರುವವರು ಈ ಹೆಚ್ಚುವರಿ ಆಮ್ಲವನ್ನು ಕೈಬಿಟ್ಟರೆ ನಷ್ಟವೇನೂ ಆಗದು.

ಪ್ರಮಾಣದ ಲೆಕ್ಕ

ಮಾತ್ರೆಯ ಪಟ್ಟಿಯ ಹಿಂಬದಿಯನ್ನು ಒಮ್ಮೆ ಗಮನವಿಟ್ಟು ಓದಬೇಕು. ಅಲ್ಲಿ ದೊಡ್ಡದಾಗಿ ಕಾಣುವ ಅಂಕಿ ಬಹಳಷ್ಟು ಸಲ ಲವಣದ ತೂಕವೇ ಹೊರತು ಅದರೊಳಗಿನ ಶುದ್ಧ ಕಬ್ಬಿಣದ ತೂಕವಲ್ಲ. ಒಣಗಿಸಿದ ಫೆರಸ್ ಸಲ್ಫೇಟಿನ 200 ಮಿಲಿಗ್ರಾಂ ಮಾತ್ರೆಯಲ್ಲಿ ಇರುವುದು ಸುಮಾರು 65 ಮಿಲಿಗ್ರಾಂ ಕಬ್ಬಿಣ. ನೀರಿನಂಶ ಉಳ್ಳ ಫೆರಸ್ ಸಲ್ಫೇಟಿನ 325 ಮಿಲಿಗ್ರಾಂ ಮಾತ್ರೆಯಲ್ಲೂ ಅಷ್ಟೇ ಇರುತ್ತದೆ. ಫೆರಸ್ ಗ್ಲುಕೊನೇಟಿನ 300 ಮಿಲಿಗ್ರಾಂ ಮಾತ್ರೆಯಲ್ಲಿ ಸುಮಾರು 35 ಮಿಲಿಗ್ರಾಂ ಮಾತ್ರ. ಫೆರಸ್ ಫ್ಯೂಮರೇಟಿನಲ್ಲಿ ತೂಕದ ಮೂರನೇ ಒಂದು ಪಾಲು ಕಬ್ಬಿಣ. ಒಂದು ಮಾತ್ರೆ ಒಗ್ಗುವುದಿಲ್ಲವೆಂದು ಬೇರೊಂದನ್ನು ತಂದಾಗ, ಹೆಸರು ಬದಲಾದರೂ ಕಬ್ಬಿಣದ ಪ್ರಮಾಣ ಅಷ್ಟೇ ಇದ್ದರೆ ಹೊಟ್ಟೆಯ ಪಾಡು ಹೆಚ್ಚು ಬದಲಾಗದು. ಗ್ಲುಕೊನೇಟ್ ಹಲವರಿಗೆ ಸೌಮ್ಯವೆನಿಸುವುದಕ್ಕೆ ಮುಖ್ಯ ಕಾರಣ ಅದರಲ್ಲಿ ಕಬ್ಬಿಣವೇ ಕಡಿಮೆ ಇರುವುದು.

ದಿನಕ್ಕೆ ಮೂರು ಮಾತ್ರೆ ಸೇವಿಸಬೇಕೆಂಬ ಹಳೆಯ ಪದ್ಧತಿಯನ್ನು ಈಗ ವೈದ್ಯರು ಬಹುಮಟ್ಟಿಗೆ ಬಿಡುತ್ತಿದ್ದಾರೆ, ಅದಕ್ಕೆ ಒಳ್ಳೆಯ ಆಧಾರವಿದೆ. ಸುಮಾರು 60 ಮಿಲಿಗ್ರಾಂ ಅಥವಾ ಹೆಚ್ಚು ಕಬ್ಬಿಣ ಒಳಗೆ ಹೋದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತದೆ. ಅದು ಸುಮಾರು ಒಂದು ದಿನದವರೆಗೆ ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ದಾರಿಯನ್ನು ಕಿರಿದಾಗಿಸುತ್ತದೆ. ಆ ಅವಧಿಯಲ್ಲಿ ನುಂಗಿದ ಎರಡನೆಯ, ಮೂರನೆಯ ಮಾತ್ರೆಗಳಿಂದ ದೇಹಕ್ಕೆ ದಕ್ಕುವುದು ಸ್ವಲ್ಪವೇ. ಉಳಿದದ್ದು ಕರುಳಿನಲ್ಲಿಯೇ ಇದ್ದು ತೊಂದರೆ ಕೊಡುತ್ತದೆ. ಸ್ವಿಟ್ಜರ್ಲೆಂಡಿನ ಸಂಶೋಧಕರು ಕಬ್ಬಿಣಾಂಶ ಕಡಿಮೆಯಿದ್ದ ಮಹಿಳೆಯರಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿದಿನ ಸೇವಿಸಿದಾಗ ಮಾತ್ರೆಯ ಕಬ್ಬಿಣದಲ್ಲಿ ಶೇಕಡಾ 16ರಷ್ಟು ಹೀರಲ್ಪಟ್ಟರೆ, ದಿನ ಬಿಟ್ಟು ದಿನ ಸೇವಿಸಿದಾಗ ಶೇಕಡಾ 21ಕ್ಕೂ ಹೆಚ್ಚು ಹೀರಲ್ಪಟ್ಟಿತು. ಹೊಟ್ಟೆ ತಾಳದವರಿಗೆ ಇದು ನಿಜವಾದ ನೆಮ್ಮದಿಯ ಸುದ್ದಿ. ದಿನಕ್ಕೆ ಒಂದೇ ಬಾರಿ, ಅದೂ ಒಗ್ಗದಿದ್ದರೆ ದಿನ ಬಿಟ್ಟು ದಿನ ಸೇವಿಸಬಹುದೇ ಎಂದು ವೈದ್ಯರನ್ನು ಕೇಳುವುದು ಔಷಧವನ್ನು ತಪ್ಪಿಸಿಕೊಳ್ಳುವ ಉಪಾಯವಲ್ಲ, ಅದು ಸರಿಯಾದ ಪ್ರಶ್ನೆ. ಗರ್ಭಿಣಿಯರೂ ತೀವ್ರ ರಕ್ತಹೀನತೆ ಇರುವವರೂ ಮಾತ್ರ ಈ ಬದಲಾವಣೆಯನ್ನು ತಾವಾಗಿಯೇ ಮಾಡಿಕೊಳ್ಳಬಾರದು.

ಔಷಧದ ರೂಪವನ್ನು ಬದಲಿಸುವುದು

ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವ ಲೇಪವುಳ್ಳ ಮಾತ್ರೆಗಳೂ, ನಿಧಾನವಾಗಿ ಕಬ್ಬಿಣವನ್ನು ಬಿಡುವ ಕ್ಯಾಪ್ಸೂಲುಗಳೂ ಜಠರಕ್ಕೆ ಸೌಮ್ಯವೆಂಬ ಹೆಗ್ಗಳಿಕೆಯೊಡನೆ ಸಿಗುತ್ತವೆ. ಕಬ್ಬಿಣ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಮೊದಲ ಭಾಗದಲ್ಲಿ. ಈ ಮಾತ್ರೆಗಳು ಆ ಭಾಗವನ್ನು ದಾಟಿದ ಮೇಲೆ ಕರಗುವುದರಿಂದ ಉರಿ ಕಡಿಮೆಯಾದಂತೆ ಫಲವೂ ಕಡಿಮೆಯಾಗುತ್ತದೆ. ಹೊಟ್ಟೆ ಹಗುರವಾಯಿತೆಂದು ತೃಪ್ತಿಪಟ್ಟುಕೊಂಡು ಹಿಮೋಗ್ಲೋಬಿನ್ ಏರದೆ ತಿಂಗಳುಗಳನ್ನು ಕಳೆಯುವ ಅಪಾಯ ಇಲ್ಲಿದೆ.

ಗಾಯದ ಭಯವೇ ಮುಖ್ಯವಾಗಿರುವವರಿಗೆ ನಾನು ಮೊದಲು ಪರಿಗಣಿಸಲು ಹೇಳುವುದು ದ್ರವರೂಪದ ಕಬ್ಬಿಣವನ್ನು. ಅದು ಗೋಡೆಗೆ ಅಂಟಿ ಕೂರುವ ಗಟ್ಟಿ ವಸ್ತುವಲ್ಲ, ಪ್ರಮಾಣವನ್ನೂ ಸಣ್ಣಸಣ್ಣದಾಗಿ ಹೊಂದಿಸಿಕೊಳ್ಳಬಹುದು. ಮಾತ್ರೆಯಿಂದ ಜಠರಕ್ಕೆ ಗಾಯವಾಗಿದೆಯೆಂದು ಪತ್ತೆಯಾದವರಲ್ಲಿ ವೈದ್ಯರು ಹಲವೊಮ್ಮೆ ಮಾಡುವ ಮೊದಲ ಬದಲಾವಣೆಯೂ ಇದೇ. ಹಲ್ಲಿಗೆ ಕಪ್ಪು ಕಲೆ ಹಿಡಿಯದಂತೆ ಅದನ್ನು ನೀರಿನಲ್ಲಿ ಬೆರೆಸಿ, ಹೀರುಕೊಳವೆಯಿಂದ ನಾಲಿಗೆಯ ಹಿಂಭಾಗಕ್ಕೆ ತಲುಪುವಂತೆ ಕುಡಿದು, ಬಾಯಿ ಮುಕ್ಕಳಿಸಬೇಕು.

ಜೊತೆಯಲ್ಲಿರುವ ಇತರ ಔಷಧಗಳು

ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವು ನಿವಾರಕಗಳು ಜಠರದ ರಕ್ಷಣಾಪದರವನ್ನು ದುರ್ಬಲಗೊಳಿಸುತ್ತವೆ. ಅದರ ಮೇಲೆ ಕಬ್ಬಿಣವೂ ಬಿದ್ದರೆ ಗಾಯ ಸುಲಭವಾಗುತ್ತದೆ. ನೋವು ನಿವಾರಕವೇ ರಕ್ತ ಸೋರಿಸಿ ರಕ್ತಹೀನತೆಗೆ ಮೂಲವಾಗಿರುವುದೂ ಉಂಟು, ಆದ್ದರಿಂದ ಅಂಗಡಿಯಿಂದ ನೇರವಾಗಿ ತಂದು ನುಂಗುವ ಮಾತ್ರೆಗಳನ್ನೂ ವೈದ್ಯರಿಗೆ ಹೇಳಬೇಕು. ವೈದ್ಯರು ಹೃದಯಕ್ಕಾಗಿ ಬರೆದ ಆಸ್ಪಿರಿನ್ ಅನ್ನು ಮಾತ್ರ ತಾವಾಗಿಯೇ ನಿಲ್ಲಿಸಬಾರದು. ಡಾಕ್ಸಿಸೈಕ್ಲಿನ್ ಮತ್ತು ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಕೂಡ ಅನ್ನನಾಳವನ್ನು ಸುಡಬಲ್ಲ ಔಷಧಗಳು, ಮತ್ತು ಕಬ್ಬಿಣ ಇವೆರಡರ ಹೀರಿಕೆಗೂ ಅಡ್ಡಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಾಲ್ಕು ಗಂಟೆಗಳ ಅಂತರವಿರಬೇಕು.

ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂತಹ ಔಷಧಗಳ ವಿಷಯ ಸ್ವಲ್ಪ ಸೂಕ್ಷ್ಮವಾದುದು. ಗಾಯ ಮಾಗಲು ಅವು ಬೇಕಾಗಬಹುದು, ಆದರೆ ಆಮ್ಲ ತಗ್ಗಿದಾಗ ಕಬ್ಬಿಣದ ಹೀರಿಕೆಯೂ ತಗ್ಗುತ್ತದೆ. ಐರನ್ ಮಾತ್ರೆಯಿಂದ ಉರಿ ಬರುತ್ತದೆಂದು ಪ್ರತಿದಿನ ಆಮ್ಲ ತಗ್ಗಿಸುವ ಮಾತ್ರೆಯನ್ನೂ ಸ್ವಂತವಾಗಿ ಸೇರಿಸಿಕೊಳ್ಳುವುದು ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ.

ಕಿರಿಕಿರಿ ಯಾವುದು, ಗಾಯ ಯಾವುದು

ಮಾತ್ರೆ ನುಂಗಿದ ಒಂದೆರಡು ಗಂಟೆಗಳಲ್ಲಿ ಹೊಟ್ಟೆ ತೊಳಸಿ, ನಂತರ ಸರಿಹೋಗಿ, ಪ್ರಮಾಣ ತಗ್ಗಿಸಿದರೆ ಕಡಿಮೆಯಾಗುವ ತೊಂದರೆ ಸಾಮಾನ್ಯವಾಗಿ ಕಿರಿಕಿರಿಯೇ. ನುಂಗುವಾಗ ಎದೆಯ ನಡುವೆ ಚುಚ್ಚುವ ನೋವು, ಮಾತ್ರೆ ಸೇವಿಸದ ದಿನವೂ ಬಿಡದ ಮೇಲ್ಹೊಟ್ಟೆಯ ನೋವು, ಪದೇಪದೇ ವಾಂತಿ, ಊಟ ಸೇರದಿರುವುದು, ಕಾರಣವಿಲ್ಲದೆ ತೂಕ ಇಳಿಯುವುದು ಗಾಯವನ್ನು ಸೂಚಿಸಬಹುದು, ಹಾಗೂ ಇವಕ್ಕೆ ತಪಾಸಣೆ ಬೇಕೇಬೇಕು. ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂತಹ ಕಂದು ಚೂರುಗಳು ಕಂಡರೆ, ತಲೆಸುತ್ತಿ ಬಿದ್ದರೆ, ಎದೆಬಡಿತ ಏರಿ ಬೆವರು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮಲದ ಬಣ್ಣದ ಬಗ್ಗೆ ವಿವರವಾಗಿಯೇ ಹೇಳಬೇಕು. ಕಬ್ಬಿಣ ಸೇವಿಸುವವರ ಮಲ ಕಡುಹಸಿರು ಅಥವಾ ಕಪ್ಪಾಗುವುದು ಸಹಜ, ಅದರಿಂದ ಹೆದರಬೇಕಾಗಿಲ್ಲ. ಅಂಥ ಮಲ ಎಂದಿನಂತೆ ಗಟ್ಟಿಯಾಗಿಯೇ ಇದ್ದು, ವಾಸನೆಯೂ ಹೆಚ್ಚು ಬದಲಾಗಿರುವುದಿಲ್ಲ, ನೀರಿನಲ್ಲಿ ಹರಡಿದಾಗ ಹಸಿರು ಛಾಯೆ ಕಾಣುತ್ತದೆ. ಜಠರದಲ್ಲಿ ಸೋರಿದ ರಕ್ತ ಜೀರ್ಣವಾಗಿ ಬಂದ ಮಲವಾದರೋ ಡಾಂಬರಿನಂತೆ ಹೊಳೆಯುತ್ತದೆ, ಅಂಟಂಟಾಗಿ ತೊಳೆದರೂ ಬೇಗ ಹೋಗುವುದಿಲ್ಲ, ಅದರ ದುರ್ವಾಸನೆ ಬಹಳ ತೀಕ್ಷ್ಣವಾಗಿರುತ್ತದೆ. ಅನುಮಾನವಿದ್ದರೆ ಮಾತ್ರೆಯ ಮೇಲೆ ಹೊಣೆ ಹಾಕಿ ಸುಮ್ಮನಿರಬಾರದು. ರಕ್ತಹೀನತೆಯೇ ಹೊಟ್ಟೆ ಅಥವಾ ಕರುಳಿನ ರಕ್ತಸ್ರಾವದ ಮೊದಲ ಲಕ್ಷಣವಾಗಿರಬಹುದು. ಹುಣ್ಣು, ಪಾಲಿಪ್ (ಒಳಪದರದ ಮೇಲೆ ಬೆಳೆಯುವ ಗಂಟು) ಅಥವಾ ಕ್ಯಾನ್ಸರ್‌ನಿಂದ ಸೋರುವ ರಕ್ತವನ್ನು ಮಾತ್ರೆಯ ಕಪ್ಪು ಬಣ್ಣ ಮುಚ್ಚಿಬಿಡಬಹುದು. ಮುಟ್ಟು ನಿಂತ ಮಹಿಳೆಯರಲ್ಲೂ ಎಲ್ಲ ವಯಸ್ಸಿನ ವಯಸ್ಕ ಪುರುಷರಲ್ಲೂ ಕಬ್ಬಿಣಾಂಶ ಏಕೆ ಕಡಿಮೆಯಾಯಿತು ಎಂಬುದನ್ನು ಹುಡುಕದೆ ಮಾತ್ರೆ ಮಾತ್ರ ಕೊಡುತ್ತಾ ಹೋಗುವುದು ಅಪೂರ್ಣ ಚಿಕಿತ್ಸೆ.

ಪರೀಕ್ಷೆ ಮತ್ತು ಅದರ ನಂತರ

ವೈದ್ಯರು ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ ಜಠರವನ್ನು ನೋಡುವ ಪರೀಕ್ಷೆ, ಮಾಡಿಸಲು ಹೇಳಿದರೆ, ಕಬ್ಬಿಣದ ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ಕಾಲದಿಂದ ಸೇವಿಸುತ್ತಿದ್ದೀರಿ ಎಂಬುದನ್ನು ಬರೆದು ಕೊಡಿ. ಗಾಯವಾದ ಜಾಗ ಕೆಂಪಾಗಿ, ಸವೆದು, ಕೆಲವೊಮ್ಮೆ ಹಳದಿ-ಕಂದು ಬಣ್ಣ ಹಿಡಿದಿರುತ್ತದೆ, ಆದರೆ ನೋಟದಿಂದಲೇ ಕಾರಣ ಹೇಳುವುದು ಕಷ್ಟ. ಅಲ್ಲಿಂದ ತೆಗೆದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸವೆದ ಅಂಗಾಂಶದ ಮೇಲೂ ಒಳಗೂ ಕಂದು ಬಣ್ಣದ ಹರಳುಗಳು ಕಾಣುತ್ತವೆ, ಪ್ರಷ್ಯನ್ ಬ್ಲೂ ಎಂಬ ಬಣ್ಣ ಹಾಕಿದಾಗ ಅವು ಗಾಢ ನೀಲಿಗೆ ತಿರುಗಿ ಕಬ್ಬಿಣವೆಂದು ಖಚಿತವಾಗುತ್ತದೆ. ಪ್ರಯೋಗಾಲಯದ ವೈದ್ಯರಿಗೆ ರೋಗಿ ಐರನ್ ಸೇವಿಸುತ್ತಿರುವುದು ತಿಳಿದಿದ್ದರೆ ಈ ಹುಡುಕಾಟ ನೇರವಾಗುತ್ತದೆ. ದೊಡ್ಡ ಕರುಳಿನ ಕೊಲೊನೋಸ್ಕೋಪಿಗೆ ಮೊದಲು ಸುಮಾರು ಒಂದು ವಾರ ಮಾತ್ರೆ ನಿಲ್ಲಿಸಲು ಹೇಳುವುದು ವಾಡಿಕೆ, ಏಕೆಂದರೆ ಕಪ್ಪು ಮಲ ಕರುಳಿನ ಗೋಡೆಗೆ ಅಂಟಿ ನೋಟವನ್ನು ಮರೆಮಾಡುತ್ತದೆ.

ಗಾಯ ದೃಢಪಟ್ಟರೆ ಗಟ್ಟಿ ಮಾತ್ರೆಯನ್ನು ನಿಲ್ಲಿಸುವುದೇ ಮುಖ್ಯ ಚಿಕಿತ್ಸೆ. ಆದರೆ ಕಬ್ಬಿಣದ ಅಗತ್ಯ ಹಾಗೆಯೇ ಉಳಿದಿರುತ್ತದೆ. ದ್ರವರೂಪವೂ ಒಗ್ಗದಿದ್ದರೆ, ಅಥವಾ ಕರುಳಿನ ಉರಿಯೂತ, ಜಠರದ ಬೈಪಾಸ್ ಶಸ್ತ್ರಚಿಕಿತ್ಸೆ, ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಗಳಿಂದ ಬಾಯಿಯ ಮೂಲಕ ಕೊಟ್ಟದ್ದು ಹತ್ತದಿದ್ದರೆ, ರಕ್ತನಾಳದ ಮೂಲಕ ಡ್ರಿಪ್‌ನಲ್ಲಿ ಕಬ್ಬಿಣ ಕೊಡುವ ವಿಧಾನವಿದೆ. ಅಲರ್ಜಿಯ ಅಪರೂಪದ ಸಾಧ್ಯತೆಯಿಂದಾಗಿ ಅದನ್ನು ಆಸ್ಪತ್ರೆಯಲ್ಲಿಯೇ ಪಡೆಯಬೇಕು. ಔಷಧ ಕೆಲಸ ಮಾಡುತ್ತಿದ್ದರೆ ಮೂರು-ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ ಒಂದರಿಂದ ಎರಡು ಗ್ರಾಂ ಏರಬೇಕು. ಅದು ಸಹಜ ಮಟ್ಟಕ್ಕೆ ಬಂದ ಮೇಲೂ ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಿ, ಆ ದಾಸ್ತಾನನ್ನು ಸೂಚಿಸುವ ಫೆರಿಟಿನ್ ಎಂಬ ರಕ್ತಪರೀಕ್ಷೆ ನೋಡಿ ನಿಲ್ಲಿಸಬೇಕು.

ಮನೆಯಲ್ಲಿ ಮಕ್ಕಳಿದ್ದರೆ

ವಯಸ್ಕರಲ್ಲಿ ಒಂದು ಮಾತ್ರೆ ಒಂದು ಜಾಗದಲ್ಲಿ ಮಾಡುವ ಸುಟ್ಟ ಗಾಯವನ್ನು, ಬಣ್ಣಬಣ್ಣದ ಮಾತ್ರೆಗಳನ್ನು ಮಿಠಾಯಿಯೆಂದು ನುಂಗಿದ ಮಗುವಿನಲ್ಲಿ ಹಲವು ಮಾತ್ರೆಗಳು ಜಠರ ಮತ್ತು ಕರುಳಿನ ಉದ್ದಕ್ಕೂ ಮಾಡುತ್ತವೆ, ನಂತರ ರಕ್ತಕ್ಕೆ ಸೇರಿದ ಕಬ್ಬಿಣ ಯಕೃತ್ತು ಮತ್ತು ಹೃದಯಕ್ಕೂ ವಿಷವಾಗುತ್ತದೆ. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 60 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಪ್ರಾಣಾಪಾಯದ ಮಟ್ಟ, 20 ಮಿಲಿಗ್ರಾಂ ದಾಟಿದಾಗಲೇ ವಿಷದ ಲಕ್ಷಣಗಳು ತೋರಬಹುದು. ಹತ್ತು ಕಿಲೋಗ್ರಾಂ ತೂಕದ ಮಗುವಿಗೆ 65 ಮಿಲಿಗ್ರಾಂ ಕಬ್ಬಿಣವಿರುವ ನಾಲ್ಕು ಮಾತ್ರೆಗಳು ಸೇರಿದರೆ ಆ ಕೆಳಮಟ್ಟ ದಾಟಿಹೋಗುತ್ತದೆ. ಮೊದಲ ಗಂಟೆಗಳಲ್ಲಿ ವಾಂತಿ, ಭೇದಿ, ಹೊಟ್ಟೆನೋವು ಕಂಡು, ಆರು ಗಂಟೆಗಳ ನಂತರ ಮಗು ಚೇತರಿಸಿಕೊಂಡಂತೆ ತೋರುವ ಒಂದು ಹಂತವಿದೆ. ಅದನ್ನು ನಂಬಿ ಮನೆಯಲ್ಲೇ ಉಳಿಯಬಾರದು, ಏಕೆಂದರೆ ಸ್ಥಿತಿ ತೀವ್ರವಾಗಿ ಹದಗೆಡುವುದು ಅದರ ನಂತರವೇ. ಇತರ ಅನೇಕ ವಿಷಗಳಿಗೆ ಕೊಡುವ ಇದ್ದಿಲಿನ ಪುಡಿ ಕಬ್ಬಿಣವನ್ನು ಹಿಡಿದಿಡಲಾರದು, ಮನೆಯಲ್ಲಿ ವಾಂತಿ ಮಾಡಿಸುವುದೂ ಸರಿಯಲ್ಲ. ಉಳಿದ ಮಾತ್ರೆಗಳೊಂದಿಗೆ ಪಟ್ಟಿಯನ್ನೋ ಡಬ್ಬಿಯನ್ನೋ ಕೈಯಲ್ಲಿ ಹಿಡಿದು, ಮಗುವನ್ನು ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಬೇಕು; ಎಷ್ಟು ಮಾತ್ರೆ ಕಡಿಮೆಯಾಗಿವೆ, ಒಂದೊಂದರಲ್ಲಿ ಎಷ್ಟು ಕಬ್ಬಿಣವಿದೆ ಎಂಬ ಎರಡು ಅಂಕಿಗಳನ್ನು ವೈದ್ಯರು ಮೊದಲು ಕೇಳುತ್ತಾರೆ.